ಬಿರಡೆಯ ಮೇಲಿನ ಜೇಡರ ಬಲೆ

ಭದ್ರಾವತಿ, ೯ ಅಕ್ಟೋಬರ್ ೧೯೪೩, ಶನಿವಾರ

ಔಷಧಿ ಸೀಸೆಯ ಬಿರಡೆಯಿಂದ ಗೋಡೆಗೆ ಜೇಡ ಬಲೆ ಕಟ್ಟಿದೆ. ಬೆಳಗ್ಗೆ ವಾಚನಾಲಯದ ಕಪಾಟು ತೆರೆದಾಗ ಕಂಡಿತು. ಎಳೆ ಹರಿಯದ ಹಾಗೆ ಪಕ್ಕದ ರಿಜಿಸ್ಟರ್ ಮಾತ್ರ ತೆಗೆದುಕೊಂಡೆ. ‘ಬಾವಿಗೆ ಔಷಧಿ ಹಾಕಲಾಗಿದೆ’ — ಸಹಿ. ನಾಲ್ಕನೆಯ ಸುಳ್ಳು.

ವಾಚನಾಲಯದ ಹಿತ್ತಲ ಬಾವಿಗೆ ಪ್ರತಿ ಶನಿವಾರ ಗ್ರಂಥಪಾಲಕಿಯಾದ ನಾನೇ ಹಾಕಬೇಕೆಂದು ಹೆಲ್ತ್ ಇನ್ಸ್‌ಪೆಕ್ಟರ್ ಹೇಳಿ ಹೋಗಿದ್ದರು. ಮೊದಲ ವಾರ ಹಾಕಿದೆ. ನೀರು ತಿಳಿಗೆಂಪಾಯಿತು. ಬಾವಿಕಟ್ಟೆಯಲ್ಲಿ ಇಸ್ಪೀಟು ಆಡುತ್ತಿದ್ದ ಕಾರ್ಖಾನೆಯವರಲ್ಲಿ ಒಬ್ಬ, “ಗಂಗಮ್ಮಂಗೆ ಕುಂಕುಮ ಇಟ್ರು ಕಣ್ರೋ, ಬಿ.ಎ. ಮೇಡಂ!” ಅಂದ. ಎಲ್ಲರೂ ನಕ್ಕರು. ಅಷ್ಟೇ. ಅಷ್ಟಕ್ಕೇ ಆ ಕಡೆ ಹೋಗುವುದು ಬಿಟ್ಟೆ...

೧೬, ಶನಿವಾರ

ಸೀಸೆ ಹಿಡಿದು ಹಿತ್ತಲ ಬಾಗಿಲವರೆಗೆ ಹೋದೆ. ನಗು ಕೇಳಿಸಿತು. ಹಿಂದಿರುಗಿದೆ. ಸಹಿ. ಹರಿದದ್ದು ಬಲೆ ಮಾತ್ರ.

೨೦, ಬುಧವಾರ

ಹೆಂಗಸರ ಓದಿನ ತರಗತಿಗೆ ಕರಿಬಸಮ್ಮ ಬರಲಿಲ್ಲ. ವಾಂತಿಭೇದಿ, ಆಸ್ಪತ್ರೆಯಲ್ಲಿದ್ದಾರಂತೆ. ಇಸ್ಪೀಟಿನವರಲ್ಲೂ ಇಬ್ಬರಿಗೆ. ಕಳೆದ ವಾರ ಕರಿಬಸಮ್ಮ ಅಕ್ಷರ ತಿದ್ದುತ್ತಾ ಎರಡು ಲೋಟ ನೀರು ಕುಡಿದಿದ್ದರು. “ನಿಮ್ಮ ಬಾವಿ ನೀರು ಸಿಹಿ ಕಣಮ್ಮ.” ನಾನೇ ಬಗ್ಗಿಸಿ ಕೊಟ್ಟಿದ್ದೆ. ನನ್ನ ಲೋಟದಲ್ಲಿ ಮನೆಯಿಂದ ತಂದ, ಕಾಯಿಸಿ ಆರಿಸಿದ ನೀರಿತ್ತು.

೨೧, ಗುರುವಾರ, ಸಂಜೆ ಐದು

ವಾಚನಾಲಯದ ಕಾರ್ಯದರ್ಶಿ ಈಶ್ವರಪ್ಪನವರು ರಿಜಿಸ್ಟರ್ ತಿರುವಿದರು. “ನಿಮ್ಮ ಸಹಿ ಸಾಲಾಗಿದೆಯಲ್ಲಮ್ಮ. ಬಾವಿ ಶುದ್ಧ. ಇದು ಧರ್ಮಪ್ಪನ ಕೊಳಕು ಕೊಡದ್ದೇ ಕೆಲಸ. ನಾಳೆ ಇನ್ಸ್‌ಪೆಕ್ಟರ್ ಮುಂದೆಯೇ ಅವನನ್ನ ತೆಗೆದುಹಾಕ್ತೀನಿ.”

ನೀರು ಸೇದುವ ಧರ್ಮಪ್ಪ ಬಾಗಿಲಲ್ಲೇ ನಿಂತಿದ್ದ. “ದಿನಾ ಹುಣಸೆಹಣ್ಣು ಹಾಕಿ ತಿಕ್ತೀನಿ ಸ್ವಾಮಿ. ಅಮ್ಮಾವ್ರೇ, ನೀವಾದ್ರೂ ಹೇಳಿ. ನೋಡಿದ್ದೀರಲ್ಲ?”

ನೋಡಿದ್ದೇನೆ. ದಿನವೂ. ಶಾಯಿ ಬುಡ್ಡಿಯ ಮುಚ್ಚಳ ತಿರುಗಿಸುತ್ತ ಕುಳಿತೆ.

ಈಶ್ವರಪ್ಪನವರು ಹೋದ ಮೇಲೆ ಧರ್ಮಪ್ಪ ಮೆಲ್ಲಗೆ ಅಂದ: “ಐದು ವಾರದಿಂದ ನೀರು ಕೆಂಪಾಗಿಲ್ಲ. ನಂಗೊತ್ತು. ಅವರಿಗೆ ಹೇಳಲ್ಲ ಬಿಡಿ. ಓದಿದ ಹೆಣ್ಣುಮಗಳು, ನಿಮ್ಮ ಕೆಲಸ ಹೋಗ್ಬಾರ್ದು. ಕೊಡ ತಿಕ್ಕೋದಷ್ಟು ಹೇಳಿ ಸಾಕು.”

ನಾನು ರಿಜಿಸ್ಟರ್ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

೨೨, ಶುಕ್ರವಾರ, ಬೆಳಗ್ಗೆ ಆರು

ಕರಿಬಸಮ್ಮ ಇನ್ನೂ ಕಣ್ಣು ಬಿಟ್ಟಿಲ್ಲವಂತೆ.

ರಿಜಿಸ್ಟರ್ ಮನೆಗೆ ತಂದಿದ್ದೆ. ಐದು ಸಹಿಗಳ ಕೆಳಗೂ ‘ಹಾಕಿಲ್ಲ’ ಎಂದು ಬರೆದೆ. ಅಕ್ಷರ ದುಂಡಗೆ ಬಂದದ್ದು ನೋಡಿ ಇನ್ನಷ್ಟು ನಾಚಿಕೆಯಾಯಿತು.

ಇನ್ಸ್‌ಪೆಕ್ಟರ್ ಹತ್ತಕ್ಕೆ ಬರುತ್ತಾರೆ. ಬಾವಿಕಟ್ಟೆಯ ಹತ್ತಿರವೇ ಇದನ್ನು ಓದುತ್ತೇನೆ, ಇಸ್ಪೀಟಿನವರ ಎದುರು, ಧರ್ಮಪ್ಪನೂ ಇರುವಾಗ. ಯಾರಾದರೂ ನಗಲಿ. ಮೊದಲ ಮಾತು ಇಷ್ಟೇ — ಸಾರ್, ಸೀಸೆ ಐದು ವಾರವೂ ನನ್ನ ಕಪಾಟಿನಲ್ಲೇ ಇತ್ತು.