ಸ್ಲೇಟು ಮಾರಾಟಕ್ಕಿಲ್ಲ

ಹಲಸೂರು
೧೪ ಜುಲೈ ೨೦೨೫

ಯಮುನಾಳ ಅಪ್ಪನವರಿಗೆ ಮಂಜುಳಮ್ಮ ಮಾಡುವ ನಮಸ್ಕಾರ.

ಉಸಿರಾಟ ಹೇಗಿದೆ? ಸ್ನಾನ ಮುಗಿಸಿ ಬಂದಾಗ ಈಗಲೂ ಗೋಡೆ ಹಿಡಿದು ನಿಲ್ಲುತ್ತೀರಾ? ಚಿಂತಾಮಣಿಯ ಗಾಳಿ ನಿಮಗೆ ಒಗ್ಗಿದೆ ಎಂದು ಯಮುನಾ ಹೇಳುತ್ತಾಳೆ. ಅಪ್ಪನನ್ನು ತನ್ನ ಬಳಿಯೇ ಇಟ್ಟುಕೊಳ್ಳಲು ಅವಳು ಏನು ಬೇಕಾದರೂ ಹೇಳುತ್ತಾಳೆ, ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಫೋನಿನಲ್ಲಿ ಕೇಳೋಣವೆಂದರೆ, ನಿಮಗೆ ಕಿವಿ ಮಂದವೆಂದು ಅವಳು ಸ್ಪೀಕರ್ ಹಾಕುತ್ತಾಳೆ. ಅಳಿಯಂದಿರು, ಮಕ್ಕಳು, ಪಾತ್ರೆ ತೊಳೆಯುವವಳು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಗಂಡನ ಹತ್ತಿರ ಆಡುವ ಮಾತನ್ನು ಸಭೆಯಲ್ಲಿ ಆಡುವ ಅಭ್ಯಾಸ ನನಗಿಲ್ಲ. ಅದಕ್ಕೇ ಈ ಕಾಗದ. ಒಬ್ಬರೇ ಕೂತು ಓದಿ.

ಪಾರಿವಾಳದ ಪುಕ್ಕದ ಧೂಳು ನಿಮ್ಮ ಶ್ವಾಸಕೋಶಕ್ಕೆ ಆಗುವುದಿಲ್ಲ, ಮಹಡಿಯ ಮೇಲೆ ಹಕ್ಕಿ ಇರುವವರೆಗೂ ಆ ಮನೆಗೆ ಕಾಲಿಡಬೇಡಿ ಎಂದು ಎದೆ ಡಾಕ್ಟರು ಹೇಳಿದಾಗ ನಾನೇ ನಿಮ್ಮನ್ನು ಬಸ್ಸು ಹತ್ತಿಸಿದೆ. ಹಕ್ಕಿಗಳನ್ನೆಲ್ಲ ಒಳ್ಳೆಯ ಕೈಗೆ ಒಪ್ಪಿಸಿದ ಮೇಲೆ ಕರೆಸಿಕೊಳ್ಳುತ್ತೇನೆ ಎಂದೆ. ಬೇಸಿಗೆ ಹೋಗಿ ಮಳೆ ಬಂದಿದೆ. ಇನ್ನೂ ಯಾಕೆ ಕರೆಯಲಿಲ್ಲವೆಂದು ನೀವು ಕೇಳಿಲ್ಲ. ನೀವು ಕೇಳುವ ಜಾತಿಯವರಲ್ಲ. ನಾನೇ ಹೇಳುತ್ತೇನೆ.

ಹಕ್ಕಿಗಳಿಗೆ ಗಂಟಲು ರೋಗ ಬಂದಿದೆ. ಬಾಯಿ ತೆರೆಸಿ ನೋಡಿದರೆ ಒಳಗೆ ಹಳದಿಯಾಗಿ ಗಿಣ್ಣಿನಂಥ ಗಡ್ಡೆ. ಮೊದಲು ಮರಿಗಳು ಹೋದವು. ತಾಯಿ ತಂದೆ ಪ್ರೀತಿಯಿಂದ ಕಕ್ಕಿ ಕುಡಿಸುವ ಹಾಲಿನಲ್ಲೇ ರೋಗ ಇಳಿಯುತ್ತದಂತೆ. ನೀವು ಹೇಳಿಹೋದ ಮಾತ್ರೆಯನ್ನೇ ಕೊಟ್ಟೆ, ಕೇಳಲಿಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಕುಕ್ ಟೌನಿನ ಹಕ್ಕಿ ಡಾಕ್ಟರು ಆತಿಕಾ ಅವರ ಬಳಿ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆದರೆ ಕೆಲಸದಲ್ಲಿ ಗಟ್ಟಿ. ಅದೇ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ, ಒಂದೊಂದು ಹಕ್ಕಿಯ ಬಾಯಿಗೂ ಹಾಕಿಸಿದರು. ಅದು ಮುಗಿದ ಮೇಲೆ ಗಂಟಲ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ರೋಗದ ಜೀವಿಗಳು ಬಾಲ ಬೀಸುತ್ತಾ ಓಡಾಡಿಕೊಂಡಿವೆ, ಮದುವೆ ಮನೆಗೆ ಬಂದವರ ಹಾಗೆ. "ನೋಡಿದ್ರಾ ಅಮ್ಮ, ಔಷಧಿಗೆ ಕ್ಯಾರೇ ಅಂತಿಲ್ಲ," ಎಂದರು.

ಯಾಕೆ ಹೀಗಾಯಿತೆಂದು ಕೇಳಿದ್ದಕ್ಕೆ ಅವರು ನನ್ನನ್ನೇ ಕೇಳಿದರು: "ಹಕ್ಕಿಗಳನ್ನ ರೇಸ್‌ಗೆ ಬಿಡೋ ಮುಂಚೆ ನೀರಿಗೆ ಮಾತ್ರೆ ಪುಡಿ ಹಾಕ್ತಿದ್ರಾ?" ನಾನು ಸುಳ್ಳು ಹೇಳಲಿಲ್ಲ. ನೀವು ಚಿಟಿಕೆಯಷ್ಟು ಪುಡಿ ಮಾಡಿ ಮಣ್ಣಿನ ಬೋಗುಣಿಗೆ ಉದುರಿಸಿ, ರೋಗ ಬರದೇ ಇರಲಿ ಎಂದು ಕೈ ಮುಗಿಯುತ್ತಿದ್ದಿರಲ್ಲ, ಅದನ್ನೇ ಹೇಳಿದೆ. ಈ ಬೀದಿಯಲ್ಲಿ ಹಕ್ಕಿ ಸಾಕುವವರೆಲ್ಲ ಮಾಡುವುದು ಅದನ್ನೇ. ಅಷ್ಟು ಸ್ವಲ್ಪಕ್ಕೆ ರೋಗದ ಜೀವಿಗಳೆಲ್ಲ ಸಾಯುವುದಿಲ್ಲವಂತೆ. ಬಲವಿಲ್ಲದವು ಸಾಯುತ್ತವೆ, ಗಟ್ಟಿಯವು ಉಳಿದು ಮಕ್ಕಳು ಮರಿ ಮಾಡುತ್ತವೆ. ಕೊನೆಗೆ ಗೂಡಿನಲ್ಲಿ ಇರುವುದೆಲ್ಲ ಔಷಧಿಗೆ ಬಗ್ಗದ ಸಂತಾನವೇ. ಮನುಷ್ಯರ ಮಲೇರಿಯಾವೂ ಕೆಲವು ದೇಶಗಳಲ್ಲಿ ಹೀಗೇ ಔಷಧಿಗೆ ಜಗ್ಗದಾಗಿದೆ ಎಂದರು. ನಾಗಪುರದಿಂದ ಬಿಟ್ಟರೂ ಮನೆಗೆ ಬರುವ ಹಕ್ಕಿ ಬೆಳೆಸಿದ ಜಾಣರು ನೀವೆಲ್ಲ, ಇದನ್ನೂ ಬೆಳೆಸಿಬಿಟ್ಟಿರಿ. ಬೈಯುತ್ತಿಲ್ಲ. ಬೈಯಬೇಕೆಂದರೆ ಎದುರಿಗಿರಬೇಕು.

ನಿಮ್ಮ ಸ್ಲೇಟಿಗೆ, ಆ ಬೂದು ಬಣ್ಣದ ಹೆಣ್ಣು ಹಕ್ಕಿಗೆ, ಏನೂ ಆಗಿಲ್ಲ. ಚೆನ್ನಾಗಿ ತಿನ್ನುತ್ತದೆ, ಕತ್ತು ಮಿಂಚುತ್ತದೆ. ಆದರೆ ಅದರ ಗಂಟಲಲ್ಲೂ ಅದೇ ಜೀವಿ ಇದೆ. ಉಳಿದ ಹಕ್ಕಿಗಳದ್ದೂ ಇದೇ ಕಥೆ. ಕಳೆದ ವಾರ ಪಕ್ಕದ ಮನೆಯ ಗಯಾಜ್, ಕೆ.ಆರ್. ಪುರದ ಒಬ್ಬರನ್ನು ಕರೆತಂದ. ಸ್ಲೇಟಿನ ಜೊತೆ ಇಡೀ ಗೂಡನ್ನೇ ಕೊಳ್ಳುತ್ತಾರಂತೆ. ನಾನು ರೋಗದ ವಿಷಯ ತೆಗೆಯಲು ಹೋದೆ. ಗಯಾಜ್ ನನ್ನನ್ನು ಪಕ್ಕಕ್ಕೆ ಕರೆದು, "ಅಯ್ಯೋ ಅಕ್ಕಾ, ನೋಡೋಕೆ ಪೈಲ್ವಾನ್ ಥರ ಇದೆ, ಸುಮ್ನೆ ಕೊಟ್ಬಿಡಿ. ಭಾಯ್ ವಾಪಸ್ ಬರೋದು ಬೇಡ್ವಾ ನಿಮ್ಗೆ?" ಎಂದ. "ಬೇಕು ಅಂತ ಬೀದಿಗೆಲ್ಲ ಡಂಗುರ ಹೊಡಿಸ್ಲೇನೋ?" ಎಂದೆ. ಬಂದವರಿಗೆ ಕಾಫಿ ಕೊಟ್ಟು, ಹಕ್ಕಿ ಮಾರಾಟಕ್ಕಿಲ್ಲವೆಂದು ಕಳಿಸಿದೆ. ಅವರ ಗೂಡಿನಲ್ಲೂ ಮರಿಗಳಿರುತ್ತವೆ. ನಮ್ಮ ಮನೆಯ ರೋಗವನ್ನು ಇನ್ನೊಬ್ಬರಿಗೆ ದಾಟಿಸಿ, ಆ ಪುಣ್ಯದಲ್ಲಿ ನಾನು ಗಂಡನನ್ನು ಮನೆಗೆ ಕರೆಸಿಕೊಳ್ಳಬೇಕೇ?

ಬೇಕಾದರೆ ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಎಲ್ಲವನ್ನೂ ಮುಗಿಸಬಹುದೆಂದು ಡಾಕ್ಟರು ಹೇಳಿದರು. ಮಾರನೆಯ ದಿನ ಹೇಳುತ್ತೇನೆಂದು ಬಂದವಳು ಮತ್ತೆ ಆ ಮಾತಿಗೆ ಹೋಗಿಲ್ಲ. ನಾನು ಹಕ್ಕಿಗಳನ್ನು ಎಂದೂ ಮುದ್ದಿಸಿದವಳಲ್ಲ, ನಿಮಗೇ ಗೊತ್ತು. ಆದರೆ ಈಗ ಬೆಳಿಗ್ಗೆ ಕಾಳಿನ ಡಬ್ಬ ಅಲ್ಲಾಡಿಸಿದರೆ ಈ ಮನೆಯಲ್ಲಿ ನನ್ನ ಕಡೆ ತಿರುಗುವ ಜೀವ ಅವು ಮಾತ್ರ. ಗೂಡಿಗೆ ಬಲೆ ಬಿಗಿಸಿದ್ದೇನೆ, ಹೊರಗೆ ಹಾರಿಸುತ್ತಿಲ್ಲ. ಮೊಟ್ಟೆ ಇಟ್ಟರೆ ತೆಗೆದು ಮರದ ಮೊಟ್ಟೆ ಇಡುತ್ತೇನೆ. ಪಾಪ, ಅದರ ಮೇಲೂ ಕಾವು ಕೂರುತ್ತವೆ. ಸಂಜೆ ನಾನೂ ಅಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಕೆಳಗೆ ಬಂದರೆ ಟಿ.ವಿ. ಹಾಕುತ್ತೇನೆ. ಕ್ರಿಕೆಟ್ಟೇ ಹಾಕುತ್ತೇನೆ, ನನಗೆ ಅದು ಅರ್ಥವಾಗದಿದ್ದರೂ.

ಹಾಗಾಗಿ ಈ ಹಕ್ಕಿಗಳು ತಮ್ಮ ಆಯುಸ್ಸು ಇರುವವರೆಗೂ ಇಲ್ಲೇ. ನೀವು ಈ ಮನೆಗೆ ಬರುವಂತಿಲ್ಲ.

ಯಮುನಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸಿ. ಅಳಿಯಂದಿರನ್ನು ಕೇಳಿದೆನೆಂದು ಹೇಳಿ. ರಾತ್ರಿ ತಲೆಗೆ ಮಫ್ಲರ್ ಕಟ್ಟದೆ ಮಲಗಬೇಡಿ.

ನಿಮ್ಮ ಮನೆಯವಳು,
ಮಂಜುಳಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಹೊಸ ತಿಪ್ಪಸಂದ್ರದಲ್ಲಿ, ಮಾರ್ಕೆಟ್ ರಸ್ತೆಯ ಹಿಂದೆ, ದೊಡ್ಡಮುನಿಯಮ್ಮ ಎಂಬುವವರ ಕೆಳಗಿನ ಮನೆ ಬಾಡಿಗೆಗೆ ಖಾಲಿಯಿದೆ. ಒಂದೇ ರೂಮು, ಅಡುಗೆಮನೆ. ಮೆಟ್ಟಿಲಿಲ್ಲ, ಸುತ್ತಮುತ್ತ ಹಕ್ಕಿ ಸಾಕುವವರಿಲ್ಲ, ನಾನೇ ಬೀದಿಯೆಲ್ಲ ಸುತ್ತಿ ನೋಡಿದೆ. ಎದೆ ಡಾಕ್ಟರನ್ನೂ ಕೇಳಿದೆ. ಬಟ್ಟೆಯಲ್ಲಿ, ಕೂದಲಲ್ಲಿ ಧೂಳು ಬರದ ಹಾಗೆ ನೋಡಿಕೊಂಡರೆ ಆಗಬಹುದು ಎಂದರು. ಇಲ್ಲಿ ಕಾಳು ಹಾಕಿ, ತಲೆಗೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟುಕೊಂಡು ಅಲ್ಲಿಗೆ ಬರುತ್ತೇನೆ. ಎಷ್ಟು ಜನ ಇರ್ತೀರಿ ಅಂತ ದೊಡ್ಡಮುನಿಯಮ್ಮ ಕೇಳಿದರು. ಇಬ್ಬರು ಎಂದು ಹೇಳಿಬಿಟ್ಟಿದ್ದೇನೆ. ನನ್ನ ಮಾತು ಸುಳ್ಳಾಗಬಾರದು.