ಮಗ್ಗುಲಲ್ಲಿ ಕೂತವರು

ಐರಣಿ
21 ಸೆಪ್ಟೆಂಬರ್ 2025

ಪ್ರೀತಿಯ ದಿಲನಾಜ,

ಮಾತಿನ ನಡುವೆಯೇ ಎರಡು ಸಲ ಫೋನ್ ಇಟ್ಟೆನೆಂದು ನಿನಗೆ ಸಿಟ್ಟು ಬಂದಿರಬೇಕು. ಹೊಳೆದಂಡೆಯ ಈ ಊರಿನಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಅದಕ್ಕೇ ಪತ್ರ. ಎಂ.ಎ. ಮುಗಿಸಿದ ಮೇಲೆ ನಾನು ಏನು ಮಾಡುತ್ತಿದ್ದೇನೆ ಎಂದು ಕೇಳಿದ್ದೆಯಲ್ಲ, ಬಂದೂಕಿಗೆ ಸಾಮಾನು ಆರಿಸುತ್ತಿದ್ದೇನೆ. ನಗಬೇಡ.

ನಮ್ಮ ಮನೆಯಲ್ಲಿ ಅಜ್ಜ ಶಿಕಾರಿಗೆ ಒಯ್ಯುತ್ತಿದ್ದ ರೈಫಲ್ ಇದೆ. ಅಪ್ಪನಿಗೆ ಅದು ಬೆಳೆ ಕಾಯಲು ಮಾತ್ರ. ಹೊತ್ತು ಮುಳುಗುವಾಗ ಗೋವಿನಜೋಳಕ್ಕೆ ಕಾಡುಹಂದಿ ನುಗ್ಗುತ್ತವೆ. ಅಪ್ಪ ಮಣ್ಣಿನ ಒಡ್ಡಿಗೆ ಗುಂಡು ಹಾರಿಸಿ, ಸದ್ದಿನಿಂದಲೇ ಅವನ್ನು ಓಡಿಸುತ್ತಾನೆ. ಅವ್ವ ಇದ್ದಾಗ ಬ್ಯಾಟರಿ ಹಿಡಿಯುವುದು ಅವಳ ಕೆಲಸವಾಗಿತ್ತು. ಈಗ ಅವಳ ಜಾಗದಲ್ಲಿ, ಅಪ್ಪನ ಎಡಮಗ್ಗುಲಲ್ಲಿ, ನಾನು ಕೂರುತ್ತೇನೆ. ಅಲ್ಲಿ ಕೂತ ಹೊತ್ತಿನಲ್ಲಿ ನಾವು ಮಾತಾಡುವುದಿಲ್ಲ. ಮನೆಯಲ್ಲೂ ಅಷ್ಟೇ.

ಹೋದ ವರ್ಷ ಅಪ್ಪ ಟ್ರ್ಯಾಕ್ಟರಿನಿಂದ ಬಿದ್ದು ಭುಜದ ಎಲುಬು ಮುರಿದುಕೊಂಡ. ಗುಂಡು ಹಾರಿದಾಗಲೆಲ್ಲ ರೈಫಲ್ ಅದೇ ಭುಜಕ್ಕೆ ಒದೆಯುತ್ತದೆ. ಬಂದೂಕನ್ನು ಠಾಣೆಗೆ ಒಪ್ಪಿಸಿಬಿಡುತ್ತೇನೆ ಎಂದ. ಹಾಗಾದರೆ ಜೋಳ ಹಂದಿಗೇ. ಹೋದ ತಿಂಗಳು ಇಬ್ಬರೂ ಹಾವೇರಿಯ ಬಂದೂಕಿನ ಅಂಗಡಿಗೆ ಹೋದೆವು. ಅಂಗಡಿಯ ಪ್ರಭುಲಿಂಗಪ್ಪನವರು ಅಪ್ಪನ ಹಳೆಯ ಗುರುತಿನವರು.

"ಏನಪಾ ಮೈಲಾರೆಪ್ಪ, ಹಂದಿಗಿಂತ ನೀನ ಹೆಚ್ಚು ಒದರಾಕತ್ತಿಯಂತ?" ಎಂದು ನಕ್ಕರು.

ಅಪ್ಪ ಲೈಸೆನ್ಸಿನ ಝೆರಾಕ್ಸ್ ತರಲು ಹೊರಗೆ ಹೋದಾಗ ಅವರು ನನ್ನ ಮುಂದೆ ಎರಡು ತುಂಡು ಇಟ್ಟರು. ಒದೆತ ತಗ್ಗಿಸಲು ನಳಿಗೆಯ ತುದಿಗೆ ತಿರುಗಿಸಿ ಕೂಡಿಸುವಂಥವು, ಮಜಲ್ ಬ್ರೇಕ್ ಅನ್ನುತ್ತಾರೆ. ಒಂದರ ಮೇಲ್ಭಾಗದಲ್ಲಿ ಸಣ್ಣ ತೂತುಗಳು. ಇನ್ನೊಂದಕ್ಕೆ ಎರಡೂ ಬದಿಗೆ ಅಗಲವಾದ ಕಂಡಿಗಳು. ಕಂಡಿಗಳಿದ್ದದ್ದನ್ನು ಮುಟ್ಟಿ ಹೇಳಿದರು:

"ಇದರಾಗ ಒದಿಯೋದು ಭಾಳ ಕಮ್ಮಿ ಆಗತೈತಿ, ಖರೇ. ಆದ್ರ ಸದ್ದೆಲ್ಲಾ ಬಾಜೂಕ ಬಡಿತೈತಿ. ಮಗ್ಗಲದಾಗ ಯಾರರ ಕುಂದ್ರತಾರೇನವಾ?"

"ಯಾರೂ ಇಲ್ರಿ. ಅಪ್ಪಾ ಒಬ್ಬನ ಹೊಕ್ಕಾನ."

ಅಷ್ಟು ಸಲೀಸಾಗಿ ನಾನು ಯಾರ ಹತ್ತಿರವೂ ಮಾತಾಡಿದ್ದಿಲ್ಲ. ಕಂಡಿಗಳಿದ್ದದ್ದನ್ನೇ ಆರಿಸಿದೆ.

ಅಂದು ಸಂಜೆ ಗುಂಡು ಹಾರಿಸಿದ ಮೇಲೆ ಅಪ್ಪ ಭುಜ ಮುಟ್ಟಿ ನೋಡಿಕೊಂಡು, "ಏನೂ ಆಗಲಿಲ್ಲ ನೋಡ" ಎಂದ. ಅವ್ವ ಹೋದ ಮೇಲೆ ಅವನು ನಕ್ಕದ್ದು ಅವತ್ತೇ. ಕಿವಿಗೆ ಅರಳೆ ಇಟ್ಟುಕೊಳ್ಳುತ್ತೇನೆ, ಗಾಬರಿಯಾಗಬೇಡ. "ಹಾಕು" ಎಂದು ಅಪ್ಪ ಪಿಸುಗುಟ್ಟುವುದು ಕೇಳಿಸಿದರೆ ತಾನೇ ಬ್ಯಾಟರಿ ಹಾಕುವುದು, ಅದಕ್ಕೆ ಒಮ್ಮೊಮ್ಮೆ ತೆಗೆಯುತ್ತೇನೆ. ಉಳಿದಂತೆ ಆರಾಮ.

ನೀನು ಬ್ಯಾಡಗಿಯಲ್ಲಿ ಪಾಠ ಮಾಡುವಾಗ ಮೆಣಸಿನಕಾಯಿ ಘಾಟಿಗೆ ಮಕ್ಕಳ ಜೊತೆ ನೀನೂ ಸೀನುತ್ತೀಯೆಂದು ಬರೆದಿದ್ದೆ. ಆ ಸಾಲನ್ನು ಎಷ್ಟೋ ಸಲ ಓದಿದೆ. ಇಲ್ಲಿ ಯಾರೂ ಸೀನುವುದೂ ಇಲ್ಲ.

ನಿನ್ನ
ಜ್ಯೋತಿಲಕ್ಷ್ಮಿ

ಮರೆತಿದ್ದು: ನೆಟ್‌ವರ್ಕ್ ಚೆನ್ನಾಗಿಯೇ ಇದೆ. ರೂಢಿಯಂತೆ ಫೋನನ್ನು ಬಲಗಿವಿಗೆ ಹಿಡಿದಿದ್ದೆ. ಆ ಕಿವಿಗೆ ಏನೂ ಕೇಳಿಸದೆ, ನೀನು ಸುಮ್ಮನಾದೆ ಎಂದುಕೊಂಡು ಇಟ್ಟೆ. ಅಪ್ಪನಿಗೆ ಹೇಳಿರಲಿಲ್ಲ. ಆದರೆ ಕೆಲವು ದಿನಗಳಿಂದ ಅವನು ಏನು ಹೇಳಬೇಕಾದರೂ ಸುತ್ತಿ ಬಂದು ನನ್ನ ಎಡಕ್ಕೇ ನಿಲ್ಲುತ್ತಾನೆ. ಇವತ್ತು ಸಂಜೆ ಆ ಬ್ರೇಕನ್ನು ಬಿಚ್ಚಿ ಕಿಟಕಿಯಲ್ಲಿಟ್ಟ, ಬ್ಯಾಟರಿಯನ್ನು ಸೈಕಲ್ ಟ್ಯೂಬಿನಿಂದ ನಳಿಗೆಗೆ ಕಟ್ಟಿದ, ಗೋಣಿಚೀಲ ಮಡಚಿ ಭುಜದ ಮೇಲೆ ಹಾಕಿಕೊಂಡ. ಎಡಕ್ಕೆ ಬಂದು, "ನೀ ಮನ್ಯಾಗ ಇರವಾ" ಎಂದು ಒಬ್ಬನೇ ಹೋದ. ಈಗ ಗುಂಡಿನ ಸದ್ದಾಯಿತು. ಯಾವ ದಿಕ್ಕಿನಿಂದ ಬಂತೋ ನನಗೆ ತಿಳಿಯಲಿಲ್ಲ. ನಮ್ಮ ಹೊಲ ಮೂಡಣಕ್ಕಿದೆಯೆಂದು ಗೊತ್ತಿರುವುದರಿಂದ ಆ ಕಡೆ ನೋಡುತ್ತ ಕೂತಿದ್ದೇನೆ.