ಮಶೀನು ನಡೆದ ಹೆಜ್ಜೆ

ಜೂನ್ 9, ಸೋಮವಾರ

ಬೆಳಿಗ್ಗೆ ಶುಗರ್ 138. ಮೊಮ್ಮಗಳು ಸಬಾ ತಾನೇ ಬೆರಳು ಚುಚ್ಚಿಕೊಂಡಳು. ಹನ್ನೊಂದು ವರ್ಷ, ಅಳುವುದಿಲ್ಲ. ಐವತ್ತು ವರ್ಷ ಹೊಲಿಗೆಯ ಸೂಜಿ ಹಿಡಿದವನು ನಾನು, ನನಗೇ ನೋಡಲಾಗುವುದಿಲ್ಲ.

ಶಾಲೆಯ ಯುನಿಫಾರ್ಮ್ ಇನ್ನೂ ರಾಶಿ ಬಿದ್ದಿದೆ. ಸಂಜೆ ಐದೂವರೆಗೆ ಯಾದಗಿರಿಯ ನರ್ಸ್ ರೇಣುಕಾದೇವಿ ಮೊಬೈಲಿನಲ್ಲಿ ಬರುತ್ತಾರೆ. ಸಕ್ಕರೆ ಕಾಯಿಲೆಯ ಮಕ್ಕಳಿಗೆ ಆನ್‌ಲೈನ್ ಕಸರತ್ತು. ಶಹಾಪುರದ್ದು, ವಡಗೇರಾದ್ದು, ನಮ್ಮ ರಂಗಂಪೇಟೆಯದು... ಒಂದೊಂದು ಚೌಕದಲ್ಲಿ ಒಂದೊಂದು ಮಗು ಕುಣಿಯುತ್ತದೆ. ಅದು ಸಾಲದಂತೆ. ದಿನಾ ಹೊರಗೂ ಓಡಬೇಕಂತೆ. ಕೈಗೆ ಬ್ಯಾಂಡು ಕೊಟ್ಟಿದ್ದಾರೆ. ಹೆಜ್ಜೆ ಎಣಿಸಿ ಮೊಬೈಲಿನಿಂದ ಯಾದಗಿರಿಗೆ ಕಳಿಸುತ್ತದೆ.

ಓಡಿಸುವುದಿಲ್ಲ ನಾನು. ಏಪ್ರಿಲ್‌ನಲ್ಲಿ ಆಡುತ್ತ ಆಡುತ್ತ ಶುಗರ್ ಇಳಿದು ಬಿದ್ದಳು. ಕಣ್ಣು ಮೇಲಾದವು. ಆ ಕಣ್ಣು ಯಾದಗಿರಿಯವರು ನೋಡಿಲ್ಲ.

ಜೂನ್ 11

ಕ್ಲಾಸು ಮುಗಿದ ಮೇಲೆ ನರ್ಸ್ ಫೋನು.

“ಸರದಾರಸಾಬ್ರೇ, ದಿನಕ್ಕ ಎಂಟುನೂರು ಹೆಜ್ಜಿ ಅಂದ್ರ ಏನ್ರಿ? ಹುಡುಗಿನ್ನ ಪೆಟಗ್ಯಾಗ ಇಟ್ಟೀರೇನು?”

“ಬಿದ್ರ ಯಾದಗಿರಿಯಿಂದ ನೀವು ಬಂದು ಎತ್ತತೀರೇನು?”

“ಓಡೂಕಿಂತ ಮದಲ ಶುಗರ್ ನೋಡ್ರಿ. ಕಿಸೆದಾಗ ಗ್ಲೂಕೋಸ್ ಇಟ್ಟು ಕಳಸ್ರಿ. ಹಿಂಗ ಕುಂದರಿಸಿದ್ರ ಕ್ಲಾಸಿನ್ಯಾಗ ಆಕಿ ಜಾಗ ಬ್ಯಾರೆ ಮಗೂಗೆ ಹೋಗ್ತದ.”

ಜಾಗ ಹೋದರೆ ಅವರು ಕೊಡುವ ಶುಗರ್ ನೋಡುವ ಪಟ್ಟಿಗಳೂ ಹೋಗುತ್ತವೆ. ಫೋನಿಟ್ಟೆ.

ಜೂನ್ 12

ಸಬಾ ಶಾಲೆಗೆ ಹೋದಳು. ಬ್ಯಾಂಡು ಬಿಚ್ಚಿಸಿ ಇಟ್ಟುಕೊಂಡಿದ್ದೆ. ನನ್ನ ಕಾಲಿಗೆ ಕಟ್ಟಿ ಹೊಲಿಗೆ ಮಶೀನು ತುಳಿದೆ. ಎರಡು ಚಡ್ಡಿ ಮುಗಿಯುವಷ್ಟರಲ್ಲಿ ಸಾವಿರದ ಮುನ್ನೂರು. ಸಂಜೆಯೊಳಗೆ ಒಂಬತ್ತು ಸಾವಿರ. ಕೂತಲ್ಲೇ ಶಹಾಪುರ ಮುಟ್ಟುವ ಹಾಗೆ.

ಸಬಾ ಬಂದು ನೋಡಿದಳು.

“ದಾದಾ, ಇದು ಸುಳ್ಳಲ್ಲೇನು?”

“ಬಾಯಿ ಮುಚ್ಚಿ ಕೂಡು. ಕಾಲು ನಂದು, ಹೆಜ್ಜಿ ನಿಂದು.”

ಜೂನ್ 16

ನಾಲ್ಕು ದಿನದ ಹೆಜ್ಜೆ ನೋಡಿ ಕ್ಲಾಸಿನಲ್ಲಿ ನರ್ಸ್ ಹೊಗಳಿದರು. “ಸಬಾನ್ನ ನೋಡಿ ಕಲೀರಿ ಎಲ್ಲಾರೂ.” ಚೌಕದೊಳಗಿನ ಮಕ್ಕಳೆಲ್ಲ ಚಪ್ಪಾಳೆ. ಸಬಾ ನೆಲ ನೋಡುತ್ತ ನಿಂತಳು.

ಆಮೇಲೆ ಫೋನು. ಇಷ್ಟು ಓಡುವ ಹುಡುಗಿಗೆ ಶುಗರ್ ತೀರಾ ಇಳಿಯಬಾರದು, ಇನ್ಸುಲಿನ್ ನಾಲ್ಕು ಯುನಿಟ್ ಕಡಿಮೆ ಮಾಡಲು ಡಾಕ್ಟರ್ ಹೇಳಿದ್ದಾರೆ ಅಂತ. ಹೂಂ ಅಂದೆ. ಇವತ್ತಿನಿಂದಲೇ ಕಡಿಮೆ.

ಜೂನ್ 19

ಬೆಳಿಗ್ಗೆ 290. ಇಷ್ಟು ಎಂದೂ ಇರಲಿಲ್ಲ.

“ಏನ್ ತಿಂದಿ?”

“ಏನೂ ತಿಂದಿಲ್ಲ ದಾದಾ.”

ಶಾಲೆಯ ಚೀಲ ತಿರುವಿ ಹಾಕಿದೆ. ಪುಸ್ತಕ, ಕಂಪಾಸು, ಒಂದು ರಿಬ್ಬನ್ನು. ಬೇರೇನಿಲ್ಲ. ಆದರೂ ಕಳ್ಳಿ ಅಂದೆ. ಒಂದೇ ಸಮ ನೀರು ಕುಡಿಯುತ್ತಿದ್ದಾಳೆ.

ಸೊಸೆ ತಸ್ಲೀಮಾ ಬಾಗಿಲಲ್ಲಿ ನಿಂತು, “ಅಬ್ಬಾ, ನರ್ಸಬಾಯಿಗಿ ಒಂದು ಫೋನ್ ಮಾಡ್ರಿ” ಅಂದಳು.

“ನಾಳಿ ಇಳೀತದ. ನಿನ್ನ ಕೆಲಸ ನೋಡು.”

ಫೋನು ಮಾಡಿದರೆ ಹೆಜ್ಜೆಯ ಮಾತು ಬರುತ್ತದೆ.

ಜೂನ್ 20

ನರ್ಸ್ ಕೇಳಿದರು ಶುಗರ್ ಎಷ್ಟು ಅಂತ. 150 ಅಂದೆ. ಇದ್ದದ್ದು 340.

ಜೂನ್ 21, ಬೆಳಿಗ್ಗೆ 11

ಎರಡು ಸಲ ವಾಂತಿ. ಮೀಟರಿನಲ್ಲಿ 460. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಯಾದಗಿರಿಗೆ ಹೋಗಲು ಜೀಪು ಬಂತು. ಹತ್ತುವಾಗ ನೋಡಿಕೊಂಡೆ... ಬ್ಯಾಂಡು ಇನ್ನೂ ನನ್ನ ಕಾಲಲ್ಲೇ ಇದೆ.

ಜೂನ್ 24, ಯಾದಗಿರಿ, ಆಸ್ಪತ್ರೆ

ಮೂರು ದಿನ ಸಲೈನು. ಇವತ್ತು ಎದ್ದು ಕೂತಳು.

ಡಾಕ್ಟರ್ ಹೊಸ ಡೋಸು ಬರೆಯಲು ಹೆಜ್ಜೆಯ ಕಾಗದ ಮುಂದಿಟ್ಟುಕೊಂಡರು. ಪಕ್ಕದಲ್ಲಿದ್ದ ನರ್ಸ್ ಕೇಳಿದರು: “ಇಷ್ಟು ಓಡೂ ಹುಡುಗಿಗಿ ಹಿಂಗ್ಯಾಕ ಆತು?”

ಸಬಾ ನನ್ನನ್ನು ನೋಡಿದಳು. ಕಳ್ಳಿ ಅನ್ನಿಸಿಕೊಂಡವಳು, ನನ್ನ ಕಳ್ಳತನ ಮುಚ್ಚಿಟ್ಟು ಕೂತಿದ್ದಾಳೆ.

ಬ್ಯಾಂಡು ಬಿಚ್ಚಿ ಟೇಬಲ್ ಮೇಲಿಟ್ಟೆ.

“ಆಕಿ ಓಡಿಲ್ರಿ. ನನ್ನ ಮಶೀನು ಓಡ್ಯಾದ. ಶುಗರೂ ಸುಳ್ಳ ಹೇಳೀನಿ.”

ಡಾಕ್ಟರ್ ಆ ಕಾಗದ ಹರಿದು ಬುಟ್ಟಿಗೆ ಹಾಕಿದರು. ನರ್ಸ್ ಹೊರಗೆ ಕರೆದರು.

“ಆಕಿ ಸತ್ತಿದ್ರ?”

“ಗೊತ್ತದ.”

“ಗೊತ್ತಿಲ್ಲ ನಿಮಗ.” ಒಳಗಿನ ಟೇಬಲ್ ಮೇಲಿದ್ದ ಬ್ಯಾಂಡು ತಂದು ನನ್ನ ಕೈಗಿಟ್ಟರು. “ಇನ್ನ ಆಕಿ ಜೋಡಿ ನೀವೂ ಓಡ್ರಿ. ಕಾಲಾಗ ದಮ್ಮು ಭಾಳ ಅದಲ್ಲ.”

ಜುಲೈ 4, ಶುಕ್ರವಾರ, ಸಂಜೆ 6.10

ಕ್ಲಾಸು ಆಯಿತು. ಶುಗರ್ 164. ಬ್ಯಾಂಡು ಅವಳ ಕೈಯಲ್ಲಿ, ಗ್ಲೂಕೋಸು ಕಿಸೆಯಲ್ಲಿ.

ನಾಲ್ಕು ದಿನ ಅವಳ ಬೆನ್ನ ಹಿಂದೆ ನಾನೂ ಓಡಿದೆ. ಹಿಟ್ಟಿನ ಗಿರಣಿ ಭಾಗಣ್ಣ ಕೂಗಿದ: “ಏನ್ ಸಾಬ್ರೇ, ಗಿರಾಕಿ ಬಟ್ಟಿ ಕೇಳ್ಕೋತ ಬೆನ್ನ ಹತ್ಯಾರೇನು?” ಬೈದೆ. ಮೊಳಕಾಲು ಬಾತಿದೆ.

ಇವತ್ತು ಸಬಾ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದಳು. “ನೀ ಬರಬ್ಯಾಡ ದಾದಾ. ಗಿರಣಿ ದಾಟಿ ದರ್ಗಾ ಮುಟ್ಟಿ ಬರ್ತೀನಿ. ನೀ ಕೂಡು.”

ಬೇಡ ಅನ್ನಬೇಕೆಂದಿದ್ದೆ. “ಬೆವತು ಕೈ ನಡುಗಿದ್ರ?”

“ನಿಲ್ಲತೀನಿ. ಗ್ಲೂಕೋಸ್ ತಿಂತೀನಿ. ಗಿರಣ್ಯಾಗ ಹೇಳತೀನಿ.”

ಹೋದಳು. ಗಿರಣಿಯ ತಿರುವು ದಾಟಿದ ಮೇಲೆ ಕಾಣುವುದಿಲ್ಲ.

ಆರು ನಿಮಿಷ. ಮಶೀನಿನ ಮುಂದೆ ಕೂತಿದ್ದೇನೆ. ಸೂಜಿಯ ಕೆಳಗೆ ಅರ್ಧ ಅಂಗಿ. ತುಳಿಯುತ್ತಿಲ್ಲ. ತುಳಿದರೆ ಆ ಸಪ್ಪಳದಲ್ಲಿ ಹೊರಗಿನದು ಕೇಳುವುದಿಲ್ಲ.

ಎಂಟು ನಿಮಿಷ.

ಗಿರಣಿ ಕಡೆಯಿಂದ ಚಪ್ಪಲಿ ಸಪ್ಪಳ... ಓಡುವ ಚಪ್ಪಲಿ, ಅವಳದೇ. ಎಣಿಸುತ್ತಿದ್ದೇನೆ. ಒಂದು, ಎರಡು, ಮೂರು, ನಾ—